ಅಪ್ಪನ ಶಂಟ್ ವಾಲ್ವ್ 160ರಿಂದ 120ಕ್ಕೆ ಬಂದ ಕಥೆ: ಎನ್‌ಪಿಎಚ್ ಇರುವವರ ಮನೆಯವರು ಬನ್ನಿ

ತಿಪಟೂರು ಮಗಳು | ಭಾನುವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ನಾರ್ಮಲ್ ಪ್ರೆಶರ್ ಹೈಡ್ರೋಕೆಫಲಸ್ (ಎನ್‌ಪಿಎಚ್), ಅಂದರೆ ಮೆದುಳಿನ ಒಳಗೆ ನೀರು ಹೆಚ್ಚಾಗಿ ನಿಲ್ಲುವ ಕಾಯಿಲೆ, ಇದರ ಬಗ್ಗೆ ಕನ್ನಡದಲ್ಲಿ ಎರಡು ವರ್ಷ ಹುಡುಕಿದ್ದೇನೆ. ನನಗೆ ಬೇಕಾದದ್ದು ಸಿಗಲಿಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಆದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಸ್ವಲ್ಪ ಉದ್ದ ಇದೆ.

ಅಪ್ಪನಿಗೆ ಈಗ 73. ಕೆಎಸ್‌ಆರ್‌ಟಿಸಿ ಕಂಡಕ್ಟರ್ ಆಗಿದ್ದರು. ಘಾಟಿಯಲ್ಲಿ ಬಸ್ಸು ತಿರುಗುವಾಗ ಕಂಬಿ ಹಿಡಿಯದೆ ನಿಂತು ಚಿಲ್ಲರೆ ಎಣಿಸುತ್ತಿದ್ದ ಮನುಷ್ಯ. ಅಂಥವರು 2022ರ ಹೊತ್ತಿಗೆ ದೇವರ ಕೋಣೆಯ ಹೊಸ್ತಿಲ ಮುಂದೆ ಬಂದು ನಿಂತುಬಿಡುತ್ತಿದ್ದರು. ಕಾಲು ಎತ್ತಬೇಕು ಅಂತ ಗೊತ್ತು, ಎತ್ತಲು ಆಗುತ್ತಿರಲಿಲ್ಲ. ಪಾದ ನೆಲಕ್ಕೆ ಅಂಟಿಕೊಂಡ ಹಾಗೆ. ನಿಂತಲ್ಲೇ ನಾಲ್ಕೈದು ಸಲ ಚಿಕ್ಕದಾಗಿ ತುಳಿದು, ಬಾಗಿಲ ಚೌಕಟ್ಟು ಹಿಡಿದು, ಆಮೇಲೆ ಒಂದು ಹೆಜ್ಜೆ. ತಿರುಗುವುದು ಇನ್ನೂ ಕಷ್ಟ. ಗಡಿಯಾರದ ಮುಳ್ಳಿನ ಹಾಗೆ ಚೂರು ಚೂರೇ ತಿರುಗುತ್ತಿದ್ದರು.

ಮೊದಲು ತೋರಿಸಿದವರು ವಯಸ್ಸಾಯ್ತು ಅಂದರು. ಇನ್ನೊಬ್ಬರು ಪಾರ್ಕಿನ್ಸನ್ ಇರಬಹುದು ಅಂತ ಮಾತ್ರೆ ಕೊಟ್ಟರು. ಎಂಟು ತಿಂಗಳು ನುಂಗಿದರು, ಏನೂ ಬದಲಾಗಲಿಲ್ಲ. ಅಷ್ಟರಲ್ಲಿ ಬಚ್ಚಲು ತಲುಪುವ ಮೊದಲೇ ಪಂಚೆ ಒದ್ದೆಯಾಗಲು ಶುರುವಾಯಿತು. "ಮೊದಲೇ ಎದ್ದು ಹೋಗಬಾರದಾ" ಅಂತ ಅಮ್ಮ ಬೈಯುತ್ತಿದ್ದಳು. ಅಪ್ಪ ಮದುವೆ ಮುಂಜಿಗೆ ಹೋಗುವುದು ಬಿಟ್ಟರು. ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು. ನಡಿಗೆ, ಮೂತ್ರ, ಮರೆವು ಮೂರೂ ಒಂದೇ ಬೇರಿನಿಂದ ಬಂದಿವೆ ಅಂತ ನಮಗೆ ಹೊಳೆಯಲೇ ಇಲ್ಲ. ಊರಿನವರು ಅರಳುಮರಳು ಅಂದರು, ನಾವೂ ನಂಬಿದೆವು. ಅದು ನನಗೆ ಇವತ್ತಿಗೂ ಸಂಕಟ.

ಕೊನೆಗೆ ಬೆಂಗಳೂರಿನಲ್ಲಿ ಒಬ್ಬ ನ್ಯೂರಾಲಜಿಸ್ಟ್ ಸಿಕ್ಕರು. ಅವರು ಫೈಲ್ ತೆರೆಯುವ ಮೊದಲೇ ಅಪ್ಪನನ್ನು ಕಾರಿಡಾರಿನಲ್ಲಿ ನಡೆಸಿ ನೋಡಿದರು. ಎಂಆರ್‌ಐ ಮಾಡಿಸಿ, ಮೆದುಳಿನ ಒಳಗಿನ ನೀರಿನ ಕೋಣೆಗಳು ಹಿಗ್ಗಿವೆ ಅಂದರು. ಆಮೇಲೆ ಟ್ಯಾಪ್ ಟೆಸ್ಟ್. ಬೆನ್ನಿನಿಂದ 40 ಎಂಎಲ್ ನೀರು ತೆಗೆದರು. ತೆಗೆಯುವ ಮೊದಲು 10 ಮೀಟರ್‌ಗೆ 34 ಹೆಜ್ಜೆ. ನಾಲ್ಕು ಗಂಟೆ ಬಿಟ್ಟು ಅದೇ ಕಾರಿಡಾರಿನಲ್ಲಿ 21. ಅಮ್ಮ ಅಲ್ಲೇ ಅತ್ತುಬಿಟ್ಟಳು.

2024ರ ಮಾರ್ಚ್‌ನಲ್ಲಿ ಶಂಟ್ ಹಾಕಿದರು. ತಲೆಯಿಂದ ಚರ್ಮದ ಕೆಳಗೇ ಟ್ಯೂಬ್ ಬಂದು ಹೊಟ್ಟೆಯೊಳಗೆ ಬಿಡುತ್ತದೆ. ಬಲಗಿವಿಯ ಹಿಂದೆ ವಾಲ್ವ್. ಎಣ್ಣೆ ಹಚ್ಚುವಾಗ ಬೆರಳಿಗೆ ಹುಣಸೆ ಬೀಜದಷ್ಟು ಉಬ್ಬು ಸಿಗುತ್ತದೆ. ಹೊರಗಿನಿಂದಲೇ ಬದಲಾಯಿಸಬಹುದಾದ ಪ್ರೋಗ್ರಾಮಬಲ್ ವಾಲ್ವ್. ಎಷ್ಟು ಒತ್ತಡಕ್ಕೆ ಅದು ತೆರೆಯಬೇಕು ಅನ್ನುವ ಅಂಕಿ ಅದರಲ್ಲಿರುತ್ತದೆ, ಅಂಕಿ ಇಳಿದಷ್ಟೂ ನೀರು ಜಾಸ್ತಿ ಹೋಗುತ್ತದೆ. 160ಕ್ಕೆ ಇಟ್ಟು ಮನೆಗೆ ಕಳಿಸಿದರು.

ಆರು ವಾರ ಏನೂ ಹೆಚ್ಚು ಬದಲಾಗಲಿಲ್ಲ. "ಸುಮ್ನೆ ತಲೆ ಕೊರೆಸಿದ್ರಿ" ಅಂತ ಬಂದವರೆಲ್ಲ ಹೇಳಿ ಹೋದರು. ನಾನೂ ಕೈಚೆಲ್ಲಿದ್ದೆ. ಚೆಕಪ್‌ನಲ್ಲಿ 140ಕ್ಕೆ ಇಳಿಸಿದರು. ಮತ್ತೆ ಒಂದು ತಿಂಗಳಿಗೆ 120. ಅದಾದ ಹತ್ತನೇ ದಿನ ಬೆಳಿಗ್ಗೆ ಅಪ್ಪ ಹೊಸ್ತಿಲು ದಾಟಿ ಒಳಗೆ ಹೋಗಿ ದೀಪ ಹಚ್ಚಿ ಕೂತಿದ್ದರು. ನಾವು ಯಾರೂ ಕೈ ಹಿಡಿದಿರಲಿಲ್ಲ.

ಇದನ್ನೇ ಹೇಳಬೇಕು ಅಂತ ಬಂದೆ. ಶಂಟ್ ಹಾಕಿಸಿದ ಮೇಲೆ ವಾಲ್ವ್ ಹೊಂದಿಸುವುದು ಅರ್ಧ ಚಿಕಿತ್ಸೆ. ಮೊದಲ ತಿಂಗಳಲ್ಲಿ ಸುಧಾರಿಸಲಿಲ್ಲ ಅಂತ ಚೆಕಪ್ ಬಿಡಬೇಡಿ. ನಿಮ್ಮ ಅನುಭವ ಏನು?

ಶಿರಸಿ ತೋಟ | ಭಾನುವಾರ ಮಧ್ಯಾಹ್ನ

ಓದುತ್ತಾ ನಮ್ಮ ಅಮ್ಮನೇ ಕಣ್ಣ ಮುಂದೆ ಬಂದಳು. ಅವಳಿಗೆ 68. ಅಂಗಳದ ಮೆಟ್ಟಿಲ ಹತ್ತಿರ ಹೀಗೇ ನಿಂತುಬಿಡುತ್ತಾಳೆ. ಮೊನ್ನೆ ಸಿಟಿ ಸ್ಕ್ಯಾನ್ ರಿಪೋರ್ಟಿನಲ್ಲಿ ಎನ್‌ಪಿಎಚ್ ಇರಬಹುದು ಅಂತ ಬರೆದಿದ್ದಾರೆ.

ನನಗೆ ಒಂದು ಅರ್ಥವಾಗುತ್ತಿಲ್ಲ. ಪ್ರೆಶರ್ ನಾರ್ಮಲ್ ಅಂತ ಹೆಸರಿನಲ್ಲೇ ಇದೆ. ಹಾಗಾದರೆ ನೀರು ಯಾಕೆ ತೆಗೆಯಬೇಕು? ಇನ್ನೊಂದು, ಬೆನ್ನಿನ ನೀರು ತೆಗೆಸಿದರೆ ಸೊಂಟ ಬಿದ್ದುಹೋಗುತ್ತದೆ ಅಂತ ಅತ್ತೆ ಹಟ ಹಿಡಿದಿದ್ದಾರೆ. ಗೊತ್ತಿದ್ದವರು ಹೇಳಿ.

ನೈಟ್ ಡ್ಯೂಟಿ ಸಿಸ್ಟರ್ | ಭಾನುವಾರ ರಾತ್ರಿ

ನ್ಯೂರೋಸರ್ಜರಿ ವಾರ್ಡಿನಲ್ಲಿ 14 ವರ್ಷದಿಂದ ಇದ್ದೇನೆ. ನನಗೆ ತಿಳಿದಷ್ಟು ಹೇಳುತ್ತೇನೆ. ನಿಮ್ಮ ಡಾಕ್ಟರ್ ಮಾತೇ ಕೊನೆ ಮಾತು.

ನಮ್ಮ ಮೆದುಳಿನಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್ ನೀರು ಹುಟ್ಟುತ್ತದೆ. ಒಂದು ಹೊತ್ತಿಗೆ ಒಳಗೆ ಇರುವುದು ಸುಮಾರು 150 ಎಂಎಲ್ ಮಾತ್ರ. ಅಂದರೆ ದಿನಕ್ಕೆ ಮೂರು ಸಲಕ್ಕಿಂತ ಜಾಸ್ತಿ ಅದು ಹಳೆಯದು ಹೋಗಿ ಹೊಸದಾಗುತ್ತದೆ. ಹೋಗುವ ದಾರಿ ನಿಧಾನವಾದರೆ ಒಳಗಿನ ಕೋಣೆಗಳು ಮೆಲ್ಲಗೆ ಹಿಗ್ಗುತ್ತವೆ. ಇದು ನಿಧಾನಕ್ಕೆ ಆಗುವುದರಿಂದ ಬೆನ್ನಿಗೆ ಸೂಜಿ ಹಾಕಿ ಅಳೆದಾಗ ಪ್ರೆಶರ್ ನಾರ್ಮಲ್ ತೋರಿಸುತ್ತದೆ. ಆದರೆ ಕೋಣೆಯ ಗೋಡೆಯ ಪಕ್ಕದಲ್ಲೇ ಹಾದುಹೋಗುವ ನರದ ಎಳೆಗಳು ಎಳೆದ ಹಾಗಾಗುತ್ತವೆ. ಕಾಲಿನ ಮತ್ತು ಮೂತ್ರದ ಹಿಡಿತದ ಎಳೆಗಳು ಅಲ್ಲೇ ಇವೆ.

ಇದನ್ನು ಮೊದಲು ಗುರುತಿಸಿದ್ದು ಕೊಲಂಬಿಯಾ ದೇಶದ ಸಾಲೊಮನ್ ಹಕೀಮ್ ಅನ್ನುವ ನ್ಯೂರೋಸರ್ಜನ್. ಬೊಗೋಟಾದಲ್ಲಿ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದ 16 ವರ್ಷದ ಹುಡುಗ ಎಚ್ಚರವಿಲ್ಲದೆ ಮಲಗಿದ್ದ. ಪ್ರೆಶರ್ ನಾರ್ಮಲ್ ಇತ್ತು, ಕೋಣೆಗಳು ಹಿಗ್ಗಿದ್ದವು. ಪರೀಕ್ಷೆಗೆ ಅಂತ ಸ್ವಲ್ಪ ನೀರು ತೆಗೆದರೆ ಹುಡುಗ ಮಾತಾಡಲು ಶುರು ಮಾಡಿದ. 1965ರಲ್ಲಿ ಹಕೀಮ್ ಮತ್ತು ಅಮೆರಿಕದ ರೇಮಂಡ್ ಆಡಮ್ಸ್ ಸೇರಿ ಇದನ್ನು ಪ್ರಕಟಿಸಿದರು. ಹಕೀಮರು ವಾಲ್ವ್ ಕೂಡ ತಾವೇ ಮಾಡಿದರು. ಇವತ್ತಿಗೂ ಅವರ ಹೆಸರಿನ ವಾಲ್ವ್ ನಮ್ಮ ಥಿಯೇಟರಿಗೆ ಬರುತ್ತದೆ. ಅದರೊಳಗೆ ಕೃತಕ ಮಾಣಿಕ್ಯದ ಒಂದು ಪುಟ್ಟ ಗುಂಡು, ಅದನ್ನು ಒತ್ತಿ ಹಿಡಿಯಲು ಒಂದು ಸ್ಪ್ರಿಂಗ್. ನೀರಿನ ಒತ್ತಡ ಸ್ಪ್ರಿಂಗಿಗಿಂತ ಜಾಸ್ತಿಯಾದರೆ ಗುಂಡು ಏಳುತ್ತದೆ, ನೀರು ಹೋಗುತ್ತದೆ. ಅಷ್ಟೇ ಅದರ ಕೆಲಸ.

ಬೆನ್ನಿನ ನೀರಿನ ವಿಷಯ. ಸೂಜಿ ಹಾಕುವುದು ಬೆನ್ನುಹುರಿ ಮುಗಿದ ಮೇಲೆ, ಅದರ ಕೆಳಗೆ. ಸೊಂಟ ಬೀಳುವುದಿಲ್ಲ. ಒಂದೆರಡು ದಿನ ತಲೆನೋವು, ಸೂಜಿ ಹಾಕಿದ ಜಾಗದಲ್ಲಿ ನೋವು ಬರಬಹುದು. ತೆಗೆದ ನೀರು ಒಂದೇ ದಿನದಲ್ಲಿ ಮತ್ತೆ ಹುಟ್ಟುತ್ತದೆ. ಅತ್ತೆಗೆ ಹೀಗೇ ಹೇಳಿ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತ್ರ ಮೊದಲೇ ಡಾಕ್ಟರಿಗೆ ಹೇಳಲೇಬೇಕು.

ಕೋಲಾರ ಕೆರೆದಂಡೆ | ಸೋಮವಾರ ಬೆಳಿಗ್ಗೆ

ಸಿಸ್ಟರ್, ತುಂಬಾ ಚೆನ್ನಾಗಿ ಹೇಳಿದಿರಿ. ನಮ್ಮ ಕಡೆ ಕೆರೆ ಜಾಸ್ತಿ. ಹಾಗಾಗಿ ನಮ್ಮ ತಾಯಿಗೆ ನಾನು ಕೆರೆ ಕೋಡಿಯ ಲೆಕ್ಕದಲ್ಲಿ ಹೇಳಿದ್ದೆ. ಕೋಡಿ ಎಷ್ಟು ಎತ್ತರವೋ ಕೆರೆಯಲ್ಲಿ ನೀರು ಅಷ್ಟು ನಿಲ್ಲುತ್ತದೆ, ಮಿಕ್ಕದ್ದು ಹರಿದು ಹೋಗುತ್ತದೆ. ಫಿಕ್ಸೆಡ್ ವಾಲ್ವ್ ಅಂದರೆ ಕಲ್ಲಿನ ಕೋಡಿ, ಎತ್ತರ ಬದಲಾಗುವುದಿಲ್ಲ. ಪ್ರೋಗ್ರಾಮಬಲ್ ಅಂದರೆ ಕೋಡಿಗೆ ಹಲಗೆ ಇಟ್ಟ ಹಾಗೆ. ಹಲಗೆ ತೆಗೆದರೆ ನೀರು ಜಾಸ್ತಿ ಹೋಗುತ್ತದೆ. 160ರಿಂದ 120ಕ್ಕೆ ಅಂದರೆ ಹಲಗೆ ತೆಗೆದರು ಅಂತಲೇ ಅರ್ಥ.

ನಮಗೆ ಪ್ರೋಗ್ರಾಮಬಲ್ ಕೊಳ್ಳುವ ಶಕ್ತಿ ಇರಲಿಲ್ಲ. ಉತ್ತರ ಪ್ರದೇಶದ ಶಾಹಜಹಾನ್‌ಪುರದಲ್ಲಿ ತಯಾರಾಗುವ ಛಾಬ್ರಾ ಶಂಟ್ ಹಾಕಿದರು, ಮೀಡಿಯಂ ಪ್ರೆಶರ್. ಅದರ ಬೆಲೆ ಹೊರದೇಶದ್ದರ ಚಿಕ್ಕ ಪಾಲು. ಸರ್ಜನ್ ನಮಗೆ ಒಂದು ಮಾತು ಹೇಳಿ ಧೈರ್ಯ ತುಂಬಿದರು. ಉಗಾಂಡಾದಲ್ಲಿ ಮಕ್ಕಳಿಗೆ ಈ ಶಂಟನ್ನೂ ದುಬಾರಿ ಶಂಟನ್ನೂ ಹಾಕಿ ಒಂದು ವರ್ಷ ಹೋಲಿಸಿ ನೋಡಿದ್ದಾರಂತೆ, ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲವಂತೆ. ಅದು ಮಕ್ಕಳ ಮಾತು, ಎನ್‌ಪಿಎಚ್ ಅಲ್ಲ, ಒಪ್ಪುತ್ತೇನೆ. ಆದರೂ ನಾಲ್ಕು ವರ್ಷವಾಯಿತು, ನಮ್ಮ ತಾಯಿ ಹಾಲಿನ ಡೇರಿಗೆ ತಾವೇ ನಡೆದು ಹೋಗುತ್ತಾರೆ. ದುಡ್ಡಿಲ್ಲ ಅಂತ ಯಾರೂ ಕೈಬಿಡಬೇಡಿ ಅಂತ ಬರೆದೆ. ಸರ್ಕಾರಿ ಯೋಜನೆಯಲ್ಲಿ ಏನು ಸಿಗುತ್ತದೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಅಡ್ಮಿಟ್ ಆಗುವ ಮೊದಲೇ ಕೇಳಿ.

ಹುಬ್ಬಳ್ಳಿ ಅಳಿಯ | ಸೋಮವಾರ ಸಂಜೆ

ಎಲ್ಲರೂ ಒಳ್ಳೆಯದನ್ನೇ ಬರೆಯುತ್ತಿದ್ದೀರಿ. ನಮ್ಮ ಮನೆಯಲ್ಲಿ ಆದದ್ದನ್ನೂ ಕೇಳಿ.

ನಮ್ಮ ಮಾವನಿಗೆ 79. ಮೊದಲು ಬಂದದ್ದು ಮರೆವು. ಮೊಮ್ಮಗನ ಹೆಸರು, ಓಣಿಯ ದಾರಿ, ಉಂಡದ್ದು. ಎರಡು ವರ್ಷ ಕಳೆದ ಮೇಲೆ ನಡಿಗೆ ಕೆಟ್ಟಿತು. ಸ್ಕ್ಯಾನಿನಲ್ಲಿ ಕೋಣೆ ದೊಡ್ಡದಿದೆ ಅಂತ ಶಂಟ್ ಹಾಕಿದರು. ಟ್ಯಾಪ್ ಟೆಸ್ಟ್ ಮಾಡಲಿಲ್ಲ. ಮಾಡಬೇಕು ಅಂತ ನಮಗೂ ಗೊತ್ತಿರಲಿಲ್ಲ. ಎರಡನೇ ತಿಂಗಳು ಎದ್ದು ಕೂತರೆ ತಲೆನೋವು, ಮಲಗಿದರೆ ಕಡಿಮೆ. ಒಂದು ದಿನ ಎಡಗೈ ಸೋತಿತು. ಸ್ಕ್ಯಾನ್ ಮಾಡಿದರೆ ಮೆದುಳಿನ ಮೇಲೆ ರಕ್ತ ನಿಂತಿತ್ತು. ಮತ್ತೆ ಆಪರೇಷನ್. ಫಿಕ್ಸೆಡ್ ವಾಲ್ವ್ ಆದ್ದರಿಂದ ಅದನ್ನೇ ಬದಲಾಯಿಸಬೇಕಾಯಿತು. ನಡಿಗೆ ಒಂಚೂರು ಹಗುರವಾಯಿತು, ಅಷ್ಟೇ. ಮರೆವು ಹಾಗೇ ಬೆಳೆಯಿತು. ಹೋದ ವರ್ಷ ತೀರಿಕೊಂಡರು.

ಅತ್ತೆ ಈಗಲೂ ಕೇಳುತ್ತಾರೆ, ತಲೆ ಮುಟ್ಟದೆ ಇದ್ದಿದ್ದರೆ ಚೆನ್ನಾಗಿರುತ್ತಿತ್ತಾ ಅಂತ. ನನ್ನ ಹತ್ತಿರ ಉತ್ತರ ಇಲ್ಲ. ಆಪರೇಷನ್ ಆಯಿತು ಅನ್ನುವ ಧೈರ್ಯಕ್ಕೇ ಕೆಲವರು ನಡೆಯುತ್ತಾರೇನೋ ಅಂತಲೂ ಅನ್ನಿಸುತ್ತದೆ. ತಪ್ಪು ತಿಳಿಯಬೇಡಿ.

ತಿಪಟೂರು ಮಗಳು | ಸೋಮವಾರ ರಾತ್ರಿ

ತಪ್ಪು ತಿಳಿಯುವ ಮಾತೇ ಇಲ್ಲ. ಇದನ್ನು ಬರೆಯಲು ಎಷ್ಟು ಕಷ್ಟವಾಗಿರಬಹುದು ಅಂತ ಗೊತ್ತು. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ನಿಮ್ಮ ಪೋಸ್ಟ್ ಇಲ್ಲದಿದ್ದರೆ ಈ ಚರ್ಚೆ ಒಂದೇ ಕಣ್ಣಿನದಾಗುತ್ತಿತ್ತು.

ನೈಟ್ ಡ್ಯೂಟಿ ಸಿಸ್ಟರ್ | ಮಂಗಳವಾರ ಬೆಳಗಿನ ಜಾವ

ಅಳಿಯಂದಿರೇ, ನಿಮ್ಮ ಮಾವನಂಥವರನ್ನು ನಮ್ಮ ವಾರ್ಡಿನಲ್ಲೂ ನೋಡಿದ್ದೇನೆ. ಎನ್‌ಪಿಎಚ್ ಜೊತೆಗೆ ಆಲ್ಜೈಮರ್ಸ್ ಕೂಡ ಇರುವವರು ಕಡಿಮೆಯೇನಲ್ಲ. ಆಗ ಶಂಟ್ ನೀರಿನ ಪಾಲನ್ನು ಮಾತ್ರ ಸರಿ ಮಾಡುತ್ತದೆ. ಸಾಮಾನ್ಯವಾಗಿ ನಡಿಗೆ ಮೊದಲು ಕೆಟ್ಟು ಮರೆವು ಆಮೇಲೆ ಬಂದವರಿಗೆ ಶಂಟಿನಿಂದ ಉಪಯೋಗ ಜಾಸ್ತಿ. ಮರೆವು ಮೊದಲು ಬಂದವರಿಗೆ ಭರವಸೆ ಕಡಿಮೆ. ಟ್ಯಾಪ್ ಟೆಸ್ಟಿನಲ್ಲಿ ನಡಿಗೆ ಸುಧಾರಿಸಿದರೆ ಅದು ಒಳ್ಳೆಯ ಗುರುತು. ಸುಧಾರಿಸದಿದ್ದರೆ ಬಾಗಿಲು ಮುಚ್ಚಿತು ಅಂತ ಅಲ್ಲ. ಕೆಲವು ಕಡೆ ಬೆನ್ನಿಗೆ ತೆಳು ಟ್ಯೂಬ್ ಇಟ್ಟು ಎರಡು ಮೂರು ದಿನ ನೀರು ಬಿಟ್ಟು ಮತ್ತೆ ನೋಡುತ್ತಾರೆ.

ರಕ್ತ ನಿಂತದ್ದು ಯಾಕೆ ಅಂತ ಹೇಳುತ್ತೇನೆ, ಯಾಕೆಂದರೆ ಇದು ಎಲ್ಲರಿಗೂ ಗೊತ್ತಿರಬೇಕು. ಡ್ರಮ್ಮಿಗೆ ಪೈಪ್ ಹಾಕಿ ಒಂದು ಸಲ ಬಾಯಲ್ಲಿ ಎಳೆದು ಬಿಟ್ಟರೆ ನೀರು ತಾನಾಗಿ ಹರಿಯುತ್ತದೆ ಅಲ್ವಾ? ಮನುಷ್ಯ ಎದ್ದು ನಿಂತಾಗ ತಲೆಯಿಂದ ಹೊಟ್ಟೆಯವರೆಗಿನ ಟ್ಯೂಬಿನಲ್ಲೂ ಅದೇ ಎಳೆತ ಆಗುತ್ತದೆ. ನೀರು ಬೇಗ ಬೇಗ ಹೋದರೆ ಮೆದುಳು ತಲೆಬುರುಡೆಯಿಂದ ಸ್ವಲ್ಪ ಒಳಕ್ಕೆ ಸರಿಯುತ್ತದೆ, ಮೇಲಿನ ಸಣ್ಣ ರಕ್ತನಾಳ ಹರಿಯಬಹುದು. ಇದನ್ನು ತಡೆಯಲು ಕೆಲವು ವಾಲ್ವಿನ ಜೊತೆ ಗುರುತ್ವದ ಭಾಗ ಇರುತ್ತದೆ. ನಿಂತಾಗ ಬಿಗಿಯಾಗುತ್ತದೆ, ಮಲಗಿದಾಗ ಸಡಿಲ. ಜರ್ಮನಿಯಲ್ಲಿ ಎನ್‌ಪಿಎಚ್ ರೋಗಿಗಳ ಮೇಲೆ ಪರೀಕ್ಷಿಸಿ ನೋಡಿದಾಗ ಅಂಥ ವಾಲ್ವ್ ಇದ್ದವರಲ್ಲಿ ನೀರು ಅತಿಯಾಗಿ ಹರಿಯುವ ತೊಂದರೆ ಕಡಿಮೆ ಇತ್ತು. ನಿಮ್ಮ ಸರ್ಜನ್ ಹತ್ತಿರ ಈ ಪ್ರಶ್ನೆ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಗೋಥೆನ್‌ಬರ್ಗ್ ಕನ್ನಡಿಗ | ಮಂಗಳವಾರ ಮಧ್ಯಾಹ್ನ

ಅಳಿಯಂದಿರು ಕೇಳಿದ ಪ್ರಶ್ನೆ ದೊಡ್ಡದು. ಧೈರ್ಯಕ್ಕೆ ನಡೆಯುತ್ತಾರಾ, ವಾಲ್ವಿನಿಂದ ನಡೆಯುತ್ತಾರಾ? 60 ವರ್ಷ ಇದಕ್ಕೆ ಗಟ್ಟಿ ಉತ್ತರ ಇರಲಿಲ್ಲ. ಅಮೆರಿಕ, ಕೆನಡಾ ಮತ್ತು ನಾನಿರುವ ಸ್ವೀಡನ್ ಸೇರಿ ಮಾಡಿದ ಒಂದು ಪ್ರಯೋಗ 2025ರಲ್ಲಿ ಪ್ರಕಟವಾಯಿತು. 99 ಜನ. ಎಲ್ಲರಿಗೂ ಶಂಟ್ ಹಾಕಿದರು, ಎಲ್ಲರಿಗೂ ಪ್ರೋಗ್ರಾಮಬಲ್ ವಾಲ್ವ್. ಸುಮಾರು ಅರ್ಧ ಜನರಿಗೆ 110ಕ್ಕೆ ಇಟ್ಟು ತೆರೆದರು. ಉಳಿದವರಿಗೆ 400ಕ್ಕಿಂತ ಮೇಲೆ ಇಟ್ಟರು, ಅಂದರೆ ಮುಚ್ಚಿದ ಹಾಗೇ. ಯಾರದು ತೆರೆದಿದೆ ಅಂತ ರೋಗಿಗೂ ಗೊತ್ತಿಲ್ಲ, ನಡಿಗೆ ಅಳೆಯುವವರಿಗೂ ಗೊತ್ತಿಲ್ಲ. ಮೂರು ತಿಂಗಳ ಮೇಲೆ ಅಳೆದರೆ, ತೆರೆದವರ ನಡಿಗೆ ಸೆಕೆಂಡಿಗೆ 0.23 ಮೀಟರ್ ಹೆಚ್ಚಾಗಿತ್ತು. ಮುಚ್ಚಿದವರದ್ದು 0.03 ಮಾತ್ರ. ಬೀಳುವುದೂ ತೆರೆದವರಲ್ಲಿ ಕಡಿಮೆಯಾಗಿತ್ತು.

ಅಂದರೆ ನಡೆಸುವುದು ವಾಲ್ವೇ. ಆದರೆ ಅದೇ ಪ್ರಯೋಗ ನಿಮ್ಮ ಮಾತನ್ನೂ ಒಪ್ಪುತ್ತದೆ. ಮೂರು ತಿಂಗಳಲ್ಲಿ ನೆನಪಿನ ಪರೀಕ್ಷೆಯಲ್ಲಿ, ಮೂತ್ರದ ಹಿಡಿತದಲ್ಲಿ ಎರಡು ಗುಂಪಿನ ನಡುವೆ ಗಟ್ಟಿಯಾಗಿ ಹೇಳುವಂಥ ಅಂತರ ಇರಲಿಲ್ಲ. ಮೆದುಳಿನ ಮೇಲೆ ರಕ್ತ ನಿಲ್ಲುವುದು, ಎದ್ದಾಗ ತಲೆನೋವು ಎರಡೂ ತೆರೆದವರಲ್ಲೇ ಜಾಸ್ತಿ ಇದ್ದವು.

ಇದನ್ನು ಓದಿದಾಗ ನನಗೆ ಅನ್ನಿಸಿದ್ದು ಇಷ್ಟು. ನಡಿಗೆಗಾಗಿ ಶಂಟ್ ಹಾಕಿಸಿ. ಮರೆವು ಹೋಗುತ್ತದೆ ಅಂತ ಆಸೆ ಕಟ್ಟಿಕೊಂಡು ಹಾಕಿಸಿದರೆ ನೋವಾಗುತ್ತದೆ.

ಹುಬ್ಬಳ್ಳಿ ಅಳಿಯ | ಮಂಗಳವಾರ ರಾತ್ರಿ

ಇಷ್ಟು ಬಿಡಿಸಿ ನಮಗೆ ಆಗ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು. ಅತ್ತೆಗೆ ಓದಿ ಹೇಳಿದೆ. ಮಾವ ಕೊನೆಯ ಆರು ತಿಂಗಳು ಬೀಳದೆ ಅಂಗಳದವರೆಗೆ ಹೋಗಿ ಬರುತ್ತಿದ್ದರು, ಅದನ್ನು ತಾವು ಲೆಕ್ಕಕ್ಕೇ ಹಿಡಿದಿರಲಿಲ್ಲ ಅಂದರು. ಧನ್ಯವಾದ.

ಉಡುಪಿ ಫಿಸಿಯೋ | ಬುಧವಾರ

ನಡಿಗೆ ಬಗ್ಗೆ ಎರಡು ಮಾತು, ಅದು ನನ್ನ ಕೆಲಸ.

ವಾಲ್ವ್ ಹೊಂದಿಸುವ ಡಾಕ್ಟರ್‌ಗೆ ನೀವು ಸಿಗುವುದು ಹತ್ತು ನಿಮಿಷ. "ಸ್ವಲ್ಪ ಪರವಾಗಿಲ್ಲ" ಅಂದರೆ ಅವರು ಏನು ಮಾಡಬೇಕು? ಲೆಕ್ಕ ತೆಗೆದುಕೊಂಡು ಹೋಗಿ. ಮನೆಯಲ್ಲಿ ಒಂದು ಕುರ್ಚಿ, ಅಲ್ಲಿಂದ 3 ಮೀಟರ್ ದೂರಕ್ಕೆ ನೆಲದ ಮೇಲೆ ಬಣ್ಣದ ಟೇಪ್. ಕುರ್ಚಿಯಿಂದ ಎದ್ದು, ಟೇಪಿನವರೆಗೆ ಹೋಗಿ, ತಿರುಗಿ, ಬಂದು ಕೂರಬೇಕು. ಎಷ್ಟು ಸೆಕೆಂಡ್, ತಿರುಗಲು ಎಷ್ಟು ಹೆಜ್ಜೆ, ಕ್ಯಾಲೆಂಡರಿನಲ್ಲೇ ಬರೆಯಿರಿ. ವಾರಕ್ಕೊಂದು ಸಲ, ಅದೇ ದಿನ, ಅದೇ ಹೊತ್ತು, ಅದೇ ಚಪ್ಪಲಿ. ಜೊತೆಗೆ ಒಬ್ಬರು ಪಕ್ಕದಲ್ಲೇ ಇರಲಿ.

ಹೊಸ್ತಿಲಲ್ಲಿ ನಿಲ್ಲುವವರಿಗೆ ಹೊಸ್ತಿಲ ಮುಂದೆ ನೆಲಕ್ಕೆ ಅಡ್ಡಡ್ಡ ಬಿಳಿ ಪಟ್ಟಿ ಅಂಟಿಸಿ. ಪಟ್ಟಿ ದಾಟಿ ಕಾಲಿಡಿ ಅಂದರೆ ಎಷ್ಟೋ ಜನರ ಕಾಲು ಏಳುತ್ತದೆ. ಶಂಟ್ ಆದ ಮೇಲೂ ವ್ಯಾಯಾಮ ಬೇಕು. ಎರಡು ವರ್ಷ ಕೂತಲ್ಲೇ ಕೂತ ತೊಡೆ ಬಡಕಲಾಗಿರುತ್ತದೆ. ನೀರು ಸರಿಹೋದ ಮಾತ್ರಕ್ಕೆ ಅದಕ್ಕೆ ಬಲ ಬರುವುದಿಲ್ಲ.

ಶಿರಸಿ ತೋಟ | ಬುಧವಾರ ರಾತ್ರಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅತ್ತೆ ಒಪ್ಪಿದರು. ಮುಂದಿನ ಸೋಮವಾರ ಹುಬ್ಬಳ್ಳಿಯಲ್ಲಿ ಟ್ಯಾಪ್ ಟೆಸ್ಟ್. ಶಂಟ್ ಹಾಕಿಸಿದರೆ ಮೊಬೈಲ್, ಇಂಡಕ್ಷನ್ ಒಲೆ ಎಲ್ಲ ದೂರ ಇಡಬೇಕಾ? ವಾಲ್ವ್ ಬದಲಾಯಿಸುವಾಗ ನೋವಾಗುತ್ತದಾ? ತಿಪಟೂರು ಅಕ್ಕ, 120 ಆದ ಮೇಲೆ ಮುಂದೆ ಏನಾಯಿತು ಅಂತ ಬರೆಯಲೇ ಇಲ್ಲ.

ತಿಪಟೂರು ಮಗಳು | ಗುರುವಾರ

ನೋವು ಏನೂ ಇಲ್ಲ. ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಕಿವಿ ಹಿಂದೆ ಉಬ್ಬಿನ ಮೇಲೆ ಅಯಸ್ಕಾಂತದ ಉಪಕರಣ ಇಟ್ಟು ಬದಲಾಯಿಸಿದರು. ಐದು ನಿಮಿಷ. ಕೂದಲು ಕೂಡ ತೆಗೆಯಲಿಲ್ಲ. ಆಮೇಲೆ ಎಕ್ಸ್‌ರೇ ತೆಗೆದು, ವಾಲ್ವ್ ನಿಜಕ್ಕೂ 120ಕ್ಕೆ ಹೋಗಿದೆಯಾ ಅಂತ ನೋಡಿದರು.

ಅದೇ ಅಯಸ್ಕಾಂತದ ಕಾರಣಕ್ಕೆ ನಮಗೆ ಹೇಳಿದ್ದು ಹೀಗೆ. ಮೊಬೈಲನ್ನು ಎಡಗಿವಿಗೆ ಹಿಡಿಯಿರಿ. ಸ್ಪೀಕರ್, ಹೆಡ್‌ಫೋನ್, ಅಯಸ್ಕಾಂತ ಇರುವ ಮೊಬೈಲ್ ಕವರ್ ವಾಲ್ವಿನಿಂದ ಕಡಿಮೆ ಅಂದರೆ 5 ಸೆಂಟಿಮೀಟರ್ ದೂರ ಇರಲಿ. ಇಂಡಕ್ಷನ್ ಒಲೆಯ ಮುಂದೆ ನಿಂತು ಅಡುಗೆ ಮಾಡಬಹುದು, ಅದರ ಮೇಲೆ ತಲೆ ಬಾಗಿಸಬಾರದು. ಎಂಆರ್‌ಐ ಮಾಡಿಸಬೇಕಾದರೆ ಮೊದಲೇ ವಾಲ್ವಿನ ಕಾರ್ಡ್ ತೋರಿಸಬೇಕು. ಕೆಲವು ವಾಲ್ವ್ ಎಂಆರ್‌ಐನಲ್ಲಿ ಕದಲುವುದಿಲ್ಲ, ಕೆಲವು ಕದಲುತ್ತವೆ, ಆಮೇಲೆ ಪರೀಕ್ಷಿಸಿ ಮತ್ತೆ ಹೊಂದಿಸಬೇಕು. ಆ ಕಾರ್ಡಿನ ಫೋಟೋ ನನ್ನ, ತಮ್ಮನ, ಅಮ್ಮನ ಮೂವರ ಮೊಬೈಲಿನಲ್ಲೂ ಇದೆ.

ಮಲಬದ್ಧತೆ ಆಗದ ಹಾಗೆ ನೋಡಿಕೊಳ್ಳಿ ಅಂತ ಸರ್ಜನ್ ಎರಡು ಸಲ ಹೇಳಿದರು. ಹೊಟ್ಟೆ ಬಿಗಿದುಕೊಂಡರೆ ಅಲ್ಲಿ ಒತ್ತಡ ಜಾಸ್ತಿಯಾಗಿ ಶಂಟಿನ ನೀರು ಸರಿಯಾಗಿ ಇಳಿಯುವುದಿಲ್ಲವಂತೆ. ಜ್ವರ ಬಂದು, ಟ್ಯೂಬ್ ಇರುವ ದಾರಿ ಕೆಂಪಾದರೆ ಅವತ್ತೇ ಹೊರಡಿ ಅಂದರು.

120 ಆದ ಮೇಲಿನ ಕಥೆ. ಅಪ್ಪನ ನಡಿಗೆ ನೋಡಿ ನಮಗೆಲ್ಲ ಆಸೆ ಹೆಚ್ಚಾಯಿತು. ಮರೆವು ಇನ್ನೂ ಇತ್ತು. ಇನ್ನೂ ಇಳಿಸಿ ಅಂತ ಡಾಕ್ಟರನ್ನು ಕೇಳಿಕೊಂಡವಳು ನಾನೇ. 100ಕ್ಕೆ ಇಳಿಸಿ ನೋಡೋಣ ಅಂದರು. ಎರಡು ವಾರದಲ್ಲಿ ಅಪ್ಪ ಊಟಕ್ಕೆ ಕೂತರೆ ತಟ್ಟೆ ಸರಿಸಿ ಮಲಗಲು ಶುರು ಮಾಡಿದರು. ತಲೆನೋವು ಅಂತ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಸ್ವಭಾವವೂ ಅಲ್ಲ. ಮಲಗಿದ ಐದು ನಿಮಿಷಕ್ಕೆ ಮುಖ ತಿಳಿಯಾಗುತ್ತಿತ್ತು, ಅದನ್ನು ಗಮನಿಸಿದ್ದು ಅಮ್ಮ. ಸ್ಕ್ಯಾನಿನಲ್ಲಿ ಮೆದುಳಿನ ಸುತ್ತ ತೆಳುವಾಗಿ ನೀರು ನಿಂತಿತ್ತು, ರಕ್ತ ಇರಲಿಲ್ಲ. ವಾಲ್ವನ್ನು ವಾಪಸ್ 120ಕ್ಕೆ ಏರಿಸಿದರು. ಆರು ವಾರಕ್ಕೆ ಸ್ಕ್ಯಾನ್ ತಿಳಿಯಾಯಿತು. ಇನ್ನೊಂದು ಆಪರೇಷನ್ ತಪ್ಪಿತು.

ಈಗಲೂ 120. 10 ಮೀಟರ್‌ಗೆ 19 ಹೆಜ್ಜೆ. ಪಂಚೆ ಒದ್ದೆಯಾಗುವುದು ತಿಂಗಳಿಗೆ ಒಂದೆರಡು ಸಲ. ಮರೆವು ಇದೆ, ಗ್ಯಾಸ್ ಬಂದ ತಾರೀಕು ಮೂರು ಸಲ ಕೇಳುತ್ತಾರೆ. ಹೋದ ತಿಂಗಳು ಮೊಮ್ಮಗಳ ಆರತಿಗೆ ಬಂದಿದ್ದರು, ಮೂರು ಗಂಟೆ ಕೂತಿದ್ದರು.

ಶಿರಸಿಯವರೇ, ಸೋಮವಾರ ನೀರು ತೆಗೆಯುವ ಮೊದಲೇ ನಡಿಗೆಯ ವಿಡಿಯೋ ಮಾಡಿಕೊಳ್ಳಿ. ನಾವು ಎದುರಿನಿಂದ ಮಾಡಿ ತಪ್ಪು ಮಾಡಿದೆವು, ಹೆಜ್ಜೆ ಎಷ್ಟು ಉದ್ದ ಅಂತ ಗೊತ್ತಾಗಲೇ ಇಲ್ಲ. ಪಕ್ಕದಿಂದ ಮಾಡಿ. ಅಮ್ಮನಿಗೆ ಅವತ್ತು ಸೀರೆ ಬೇಡ, ನೈಟಿಯನ್ನು ಕಣಕಾಲಿನ ಮೇಲೆ ಎತ್ತಿ ಪಿನ್ ಹಾಕಿ. ಪಾದ ಎರಡೂ ಕಾಣಬೇಕು.

ಶಿರಸಿ ತೋಟ | ಸೋಮವಾರ ಸಂಜೆ

ಮೊದಲು 29 ಹೆಜ್ಜೆ. ಈಗ ಸಂಜೆ 5ಕ್ಕೆ 20. ನಾಳೆ ಬೆಳಿಗ್ಗೆ ಮತ್ತೊಂದು ಸಲ ನಡೆಸುತ್ತಾರಂತೆ. ಅಮ್ಮ ಈಗ ಕಿಟಕಿ ಹತ್ತಿರ ತಾನೇ ಎದ್ದು ಹೋಗಿ ನಿಂತಿದ್ದಾಳೆ. ಅತ್ತೆಗೆ ವಿಡಿಯೋ ಕಳಿಸಿದೆ.